ಶಿರಾ ದಾರಿಯಲ್ಲಿ ಕಾಲಿಗೆ ಕೆಲಸವಿದೆ

ಈ ಸಲ ಊರಿಗೆ ಬಂದಾಗ ಅಕ್ಕನ ಮಗ ತನ್ನ ಹೊಸ ಕಾರಿನಲ್ಲಿ ತುಮಕೂರಿಂದ ಶಿರಾಕ್ಕೆ ಕರೆದುಕೊಂಡು ಹೊರಟ. ಹೆದ್ದಾರಿ ಸ್ವಲ್ಪ ಬಿಡುವಾದದ್ದೇ ಸ್ಟಿಯರಿಂಗ್ ಮೇಲಿನ ಗುಂಡಿ ಒತ್ತಿ, "ನೋಡಿ ಮಾವ, ನೂರಕ್ಕೆ ಕ್ರೂಸ್ ಹಾಕ್ದೆ, ಇನ್ನು ತಾನೇ ಹೋಗುತ್ತೆ" ಎಂದ. ಕ್ರೂಸ್ ಎಂದರೆ ಕ್ರೂಸ್ ಕಂಟ್ರೋಲ್, ಆಕ್ಸಿಲರೇಟರ್ ಒತ್ತದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಸೌಲಭ್ಯ. ಬಲಗಾಲನ್ನು ಎಳೆದುಕೊಂಡು ಸೀಟಿನತ್ತ ಮಡಚಿಟ್ಟ. ಶಿರಾ ತಲುಪುವವರೆಗೂ ನನ್ನ ಕಣ್ಣು ಆ ಕಾಲಿನ ಮೇಲೇ ಇತ್ತು.

ನಾನಿರುವುದು ಅಮೆರಿಕದ ಇಂಡಿಯಾನಾದಲ್ಲಿ. ಕ್ರೂಸ್ ಕಂಟ್ರೋಲ್ ಕಂಡುಹಿಡಿದ ರಾಲ್ಫ್ ಟೀಟರ್ ಅಲ್ಲಿಯವರೇ, ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನವರು. ಐದನೇ ವಯಸ್ಸಿಗೇ ಕಣ್ಣು ಕಳೆದುಕೊಂಡ ಎಂಜಿನಿಯರ್. ಅವರ ವಕೀಲರು ಕಾರು ಓಡಿಸುವಾಗ ತಾವು ಮಾತಾಡಿದರೆ ನಿಧಾನ, ಇನ್ನೊಬ್ಬರ ಮಾತು ಕೇಳಿಸಿಕೊಂಡರೆ ಜೋರು. ಆ ಜಗ್ಗಾಟ ತಾಳಲಾರದೆ ಟೀಟರ್ ಇದರ ಹಿಂದೆ ಬಿದ್ದರಂತೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಹೊತ್ತಿಗೆ ಕ್ರೈಸ್ಲರ್ ಕಾರುಗಳಿಗೆ ಬಂತು.

ಕೆಲಸ ಸರಳ. ಗುಂಡಿ ಒತ್ತಿದ ಕ್ಷಣದ ವೇಗವನ್ನು ಕಾರಿನ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಈಗಿನ ವೇಗ ಎಷ್ಟೆಂದು ಸೆನ್ಸರ್ ಹೇಳುತ್ತಲೇ ಇರುತ್ತದೆ. ಏರು ಬಂದು ವೇಗ ಇಳಿದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಇನ್ನಷ್ಟು ತೆರೆಯುತ್ತದೆ, ಹೆಚ್ಚಾದರೆ ಮುಚ್ಚುತ್ತದೆ. ಬ್ರೇಕ್ ಮುಟ್ಟಿದರೆ ಎಲ್ಲ ಬಿಟ್ಟುಕೊಡುತ್ತದೆ. ಆದರೆ ಮುಂದೆ ಏನಿದೆ ಎಂಬುದು ಇದಕ್ಕೆ ತಿಳಿಯದು. ರಾಡಾರ್ ಇರುವ ಅಡಾಪ್ಟಿವ್ ಬಗೆಯದ್ದು ಮುಂದಿನ ವಾಹನ ನೋಡಿ ತಾನೇ ನಿಧಾನಿಸುತ್ತದೆ. ನಮ್ಮ ಹುಡುಗನ ಕಾರಿನದು ಅದಲ್ಲ.

ಇಂಡಿಯಾನಾದ ಐ-70 ಹೆದ್ದಾರಿಯಲ್ಲಿ ನಾನೂ ದಿನಾ ಕ್ರೂಸ್ ಹಾಕುತ್ತೇನೆ. ಎರಡೂ ಕಡೆ ಬೇಲಿ, ಆಚೆ ಮೆಕ್ಕೆಜೋಳದ ಹೊಲ. ಹತ್ತುವುದಕ್ಕೂ ಇಳಿಯುವುದಕ್ಕೂ ಬೇರೆ ಬೇರೆ ದಾರಿ. ಎದುರಿಂದ ಯಾರೂ ಬರುವುದಿಲ್ಲ, ರಸ್ತೆ ದಾಟುವವರಿಲ್ಲ. ಆ ಗುಂಡಿಯನ್ನು ನಂಬುವಂತೆ ಮಾಡಿರುವುದು ಆ ಬೇಲಿ.

ನಮ್ಮಲ್ಲಿ? ಅರ್ಧ ಗಂಟೆಯೊಳಗೆ ರಾಂಗ್ ಸೈಡಲ್ಲಿ ಹುಲ್ಲಿನ ಹೊರೆ ಹೊತ್ತ ಟಿವಿಎಸ್ ಬಂತು, ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಸಿಕ್ಕಿತು. ಆಮೇಲೆ ಕುರಿ ಮಂದೆ. ಕುರಿಗಾಹಿ ಹೆಗಲ ಕಂಬಳಿ ಸರಿಮಾಡಿಕೊಳ್ಳುತ್ತಾ ಕೋಲು ಎತ್ತಿ ನಿಂತ. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಮಡಚಿಟ್ಟ ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಆ ಮೀಟರುಗಳು ಕಳೆದಿರುತ್ತವೆ. ಹುಡುಗ ಹೇಗೋ ಹಿಡಿದ. ಕೊನೆಯ ಮರಿಯೊಂದು ಬಾನೆಟ್ ಪಕ್ಕದಲ್ಲೇ ಬ್ಯಾ ಎನ್ನುತ್ತಾ ಹೋಯಿತು.

ಕುರಿಗಾಹಿಯದು ತಪ್ಪೆಂದು ನಾನು ಹೇಳಲಾರೆ. ಅವನ ಊರು ಈಚೆ, ಹುಲ್ಲುಗಾವಲು ಆಚೆ. ಅಂಡರ್‌ಪಾಸ್ ಹತ್ತಿರವಿಲ್ಲದಿದ್ದರೆ ಮಂದೆಯನ್ನು ಎಲ್ಲಿಂದ ದಾಟಿಸಬೇಕು? ಟಿವಿಎಸ್‌ನವನಿಗೂ ಸರ್ವಿಸ್ ರಸ್ತೆ ಪೂರ್ತಿ ಇದ್ದಿದ್ದರೆ ಎದುರು ಬರುವ ಕಷ್ಟ ಯಾಕೆ? ಅವೆರಡೂ ಆಗುವವರೆಗೆ ಈ ದಾರಿಯಲ್ಲಿ ಕ್ರೂಸ್ ಬೇಡ ಎಂದು ಹುಡುಗನಿಗೆ ಹೇಳಿದೆ. ಮಳೆಯಲ್ಲಂತೂ ಎಲ್ಲೂ ಬೇಡ, ಚಕ್ರ ಜಾರಿದಾಗಲೂ ಅದು ಎಂಜಿನ್‌ಗೆ ಬಲ ಕೊಡುತ್ತಲೇ ಇರಬಹುದು.

ವಾಪಸ್ ಬರುವಾಗ ಅವನ ಕಾಲು ಪೆಡಲ್ ಮೇಲೇ ಇತ್ತು. ಎಂಬತ್ತರಲ್ಲಿ ಬಂದೆವು.