ವಾರ್ಡನ್‌ಗೆ ಸಂತಾನ ಭಾಗ್ಯ

ಮಕ್ಕಳಾಗಲಿ ಅಂತ ಜನ ಹರಕೆ ಹೊರುತ್ತಾರೆ, ನಾಗರಕಟ್ಟೆ ಸುತ್ತುತ್ತಾರೆ, ಅದೂ ಆಗದಿದ್ದರೆ ಸಾಲ ಮಾಡಿ ಐವಿಎಫ್‌ಗೂ ಹೋಗುತ್ತಾರೆ. ಅಷ್ಟೆಲ್ಲ ಯಾಕೆ? ಒಂದು ಸರ್ಕಾರಿ ಸುತ್ತೋಲೆ ಸಾಕು. 2009ರಲ್ಲಿ ಖಮ್ಮಂ ಜಿಲ್ಲೆಯಲ್ಲಿ (ಆಗಿನ್ನೂ ಅದು ಆಂಧ್ರಪ್ರದೇಶ) ಹೆಡ್‌ಮಾಸ್ಟರುಗಳು, ಹಾಸ್ಟೆಲ್ ವಾರ್ಡನ್‌ಗಳು ಸುತ್ತೋಲೆಯ ಬಲದಿಂದಲೇ ಸಾಲುಸಾಲು ಹೆಣ್ಣುಮಕ್ಕಳ ಪೋಷಕರಾಗಿಬಿಟ್ಟರು.

ವಿಷಯ ಇಷ್ಟೇ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಹಾಕುವ ಯೋಜನೆ. ನಡೆಸಿದ್ದು ಅಮೆರಿಕದ ಪಾತ್ ಸಂಸ್ಥೆ. ದುಡ್ಡು ಗೇಟ್ಸ್ ಫೌಂಡೇಶನ್ನಿನದು. ಲಸಿಕೆ ಕಂಪನಿಗಳದೇ ದಾನ. ಜೊತೆಗೆ ನಿಂತಿದ್ದು ರಾಜ್ಯ ಸರ್ಕಾರಗಳು ಮತ್ತು ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಪಾತ್ ಜೊತೆ ಐಸಿಎಂಆರ್ ಒಪ್ಪಂದಕ್ಕೆ ಸಹಿ ಹಾಕಿದ್ದು 2007ರಲ್ಲಿ. ಲಸಿಕೆಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2008ರಲ್ಲಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿಯ ಅಳತೆಗೆ ತಕ್ಕ ಕೂಸೂ ಹುಟ್ಟಿತು.

ಚಿಕ್ಕ ಮಕ್ಕಳಿಗೆ ಸೂಜಿ ಚುಚ್ಚಬೇಕಾದರೆ ಅಪ್ಪ ಅಮ್ಮನಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು, ಅಲ್ವಾ? ಆದರೆ ಅಪ್ಪ ಅಮ್ಮ ಇರುವುದು ಕಾಡಿನಂಚಿನ ಹಾಡಿಯಲ್ಲಿ. ಅಲ್ಲಿಗೆ ಹೋಗಬೇಕು, ಕೂತು ಮಾತಾಡಬೇಕು, ಅವರು ಪ್ರಶ್ನೆ ಕೇಳಿದರೆ ಉತ್ತರ ಬೇರೆ ಕೊಡಬೇಕು. ಸುಮ್ನೆ ತಲೆನೋವು. ಹಾಸ್ಟೆಲ್‌ನಲ್ಲಿ ವಾರ್ಡನ್ ಇದ್ದಾರೆ, ಪೆನ್ನೂ ಇದೆ. ಅಪ್ಪ ಅಮ್ಮನ ಬದಲು ಅವರೇ ಸಹಿ ಹಾಕಲಿ ಅಂತ ಸರ್ಕಾರ ಸುತ್ತೋಲೆ ಹೊರಡಿಸಿತು. ಆಂಧ್ರದಲ್ಲಿ ಲೆಕ್ಕಕ್ಕೆ ಸಿಕ್ಕ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ವಾರ್ಡನ್‌ಗಳದು. 1,948ರಲ್ಲಿ ಬರೀ ಹೆಬ್ಬೆಟ್ಟು. ಅವರಿಗೆ ಓದಿ ಹೇಳಿದವರು ಯಾರು ಅಂತ ಕೇಳಬೇಡಿ. ನೂರು ಪತ್ರ ತೆಗೆದು ನೋಡಿದರೆ 69ರಲ್ಲಿ ಸಾಕ್ಷಿಯ ಸಹಿಯೇ ಇರಲಿಲ್ಲ. ಒಬ್ಬ ಪುಣ್ಯಾತ್ಮ ಏಳು ಪತ್ರಗಳಿಗೆ ಸಹಿ ಹಾಕಿದ್ದ. ನಮ್ಮ ಬ್ಯಾಂಕಿನಲ್ಲಿ ಸಹಿ ಒಂದು ಎಳೆ ಆಚೀಚೆ ಆದರೆ ಚೆಕ್ ವಾಪಸ್ ಬರುತ್ತೆ. ಇಲ್ಲಿ ಆ ಕಾಟ ಇಲ್ಲ.

ನಂತರ ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂತು, ಮಹಿಳಾ ಸಂಘಟನೆಗಳು ಗಲಾಟೆ ಮಾಡಿದವು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು, ಪದ್ಧತಿಯಂತೆ ತನಿಖಾ ಸಮಿತಿ ಕೂತಿತು. ಸಾವಿಗೆ ಲಸಿಕೆ ಕಾರಣ ಅಂತ ಕಾಣುವುದಿಲ್ಲ ಎಂದಿತು. ಅದು ಸರಿಯೇ ಇರಬಹುದು, ಲಸಿಕೆ ಒಳ್ಳೆಯದೇ, ನನ್ನ ತಕರಾರು ಅದರ ಮೇಲಲ್ಲ. ಒಪ್ಪಿಗೆ ಪಡೆದ ರೀತಿಯಲ್ಲಿ ಲೋಪ ಇದೆ ಅಂತಲೂ ಸಮಿತಿ ಹೇಳಿತು. ಅದಕ್ಕೆ ಪಾತ್, ಐಸಿಎಂಆರ್‌ನ ದೊಡ್ಡವರ ಉತ್ತರ ಮೊದಲೇ ರೆಡಿ ಇತ್ತು: ಇದು ಕ್ಲಿನಿಕಲ್ ಟ್ರಯಲ್ (ಜನರ ಮೇಲೆ ಔಷಧದ ಪರೀಕ್ಷೆ) ಅಲ್ಲ, ಲಸಿಕೆಯನ್ನು ಹೇಗೆ ಹಾಕಬಹುದು ಅಂತ ತೋರಿಸುವ ಬರೀ ಪ್ರದರ್ಶನ ಯೋಜನೆ. ಟ್ರಯಲ್ ಅಂದರೆ ಕಾನೂನು ಬರುತ್ತೆ, ಅಡ್ಡ ಪರಿಣಾಮದ ಲೆಕ್ಕ ಇಡಬೇಕು, ಪರಿಹಾರ ಕೊಡಬೇಕು. ಪ್ರದರ್ಶನಕ್ಕೆ ಅದೆಲ್ಲ ಯಾಕೆ? ಪ್ರೇಕ್ಷಕರಿದ್ದರೆ ಸಾಕು, ಅವರೂ ಹಾಸ್ಟೆಲ್‌ನಲ್ಲೇ ಸಿಗುತ್ತಾರೆ.

2013ರ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಒಪ್ಪಲಿಲ್ಲ. ಪಾತ್ ಸಂಸ್ಥೆಯನ್ನೂ ಐಸಿಎಂಆರ್ ಅನ್ನೂ ಚೆನ್ನಾಗಿ ಝಾಡಿಸಿತು, ಹೆಡ್‌ಮಾಸ್ಟರಿಗೆ ಸಹಿ ಹಾಕಿ ಅಂತ ಸರ್ಕಾರ ಹೇಳಿದ್ದೇ ಕಾನೂನಿಗೆ ಸರಿಯೇ ಅಂತ ಕೇಳಿತು. ಮಜಾ ಏನಂದರೆ, ಮನುಷ್ಯರ ಮೇಲೆ ಸಂಶೋಧನೆ ಮಾಡುವಾಗ ಹೇಗೆ ನಡೆದುಕೊಳ್ಳಬೇಕು, ಬಡವರನ್ನೂ ಮಕ್ಕಳನ್ನೂ ಹೇಗೆ ಕಾಪಾಡಬೇಕು ಅಂತ ದೇಶಕ್ಕೆಲ್ಲ ಮಾರ್ಗಸೂಚಿ ಬರೆದುಕೊಟ್ಟದ್ದು ಇದೇ ಐಸಿಎಂಆರ್. ಒಂದು 2000ದಲ್ಲಿ, ಇನ್ನೊಂದು 2006ರಲ್ಲಿ. ಇಷ್ಟೆಲ್ಲ ಆದ ಮೇಲೆ ಏನು ಮಾಡಿದರು? 2017ರಲ್ಲಿ ಮತ್ತೊಂದು ಬರೆದರು. ದಪ್ಪನೆಯ ಪುಸ್ತಕ. ಸಂಶೋಧನೆ ಸರಿಯಾಗಿದೆಯೇ ಅಂತ ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯಲ್ಲಿ ಏಳರಿಂದ ಹದಿನೈದು ಜನ ಇರಬೇಕು, ಅಧ್ಯಕ್ಷರು ಹೊರಗಿನವರಾಗಬೇಕು, ವಕೀಲರು ಬೇಕು, ಒಬ್ಬರು ಸಾಮಾನ್ಯ ಮನುಷ್ಯರೂ ಬೇಕು. ಸಾಮಾನ್ಯ ಮನುಷ್ಯರಿಗೆ ದೇಶದಲ್ಲಿ ಮೀಸಲಾದ ಒಂದೇ ಕುರ್ಚಿ ಇದು. ಕೂತವರು ಎಷ್ಟು ಸಲ ಬಾಯಿ ಬಿಟ್ಟರು ಅನ್ನೋದು ನಡಾವಳಿಯಲ್ಲಿ ಹುಡುಕಿ ನೋಡಬೇಕು.

ನನ್ನದೂ ಒಂದು ಸಲಹೆ ಇದೆ. ಮುಂದಿನ ಪ್ರದರ್ಶನ ಯೋಜನೆಯನ್ನು ಹಾಡಿಯ ಮಕ್ಕಳಿಗೆ ಬೇಡ, ದಿಲ್ಲಿಯ ದೊಡ್ಡ ಅಧಿಕಾರಿಗಳ ಮಕ್ಕಳು ಓದುವ ಸ್ಕೂಲಿನಲ್ಲೇ ಶುರು ಮಾಡಿ. ಮನೆಯವರನ್ನು ಕೇಳುವ ಗೋಜು ಬೇಡ, ಎಲ್ಲರ ಪರವಾಗಿ ಸ್ಕೂಲ್ ಬಸ್ಸಿನ ಡ್ರೈವರೇ ಸಹಿ ಹಾಕಲಿ, ದಿನಾ ಮಕ್ಕಳನ್ನು ನೋಡುವವರು ಅವರೇ ತಾನೇ. ಜಂಟಿ ಕಾರ್ಯದರ್ಶಿಗಳು ಸಿಟ್ಟಲ್ಲಿ ಫೋನ್ ಮಾಡಿದರೆ, ಸರ್, ಇದು ಟ್ರಯಲ್ ಅಲ್ಲ ಅಂದರಾಯಿತು.