ಆತ್ಮೀಯತೆಗೆ ಮೊದಲೇ ಬುಕ್ ಮಾಡಿ

ನಮ್ಮ ಆಫೀಸಿನಲ್ಲಿ ಒಂದು ಪ್ರಿಂಟರ್ ಇತ್ತು. ಹಳೆಯದು, ಹಟಮಾರಿ. ಹತ್ತು ಹಾಳೆ ಕೇಳಿದರೆ ನಾಲ್ಕು ಕೊಟ್ಟು, ಐದನೆಯದನ್ನು ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತಿತ್ತು. ಅದರ ಮುಂದೆ ಯಾವಾಗ ನೋಡಿದರೂ ಮೂರು ಜನ. ಒಬ್ಬರು ಮುಚ್ಚಳ ತೆಗೆದು ಹಾಳೆ ಎಳೆಯುವವರು. ಇನ್ನೊಬ್ಬರು "ಹಂಗಲ್ಲ, ಆ ಹಸಿರು ಹಿಡಿ ಮೇಲೆತ್ತಿ" ಅನ್ನುವವರು. ಮೂರನೆಯವರು ಸುಮ್ನೆ ನೋಡುವವರು. ಅಕೌಂಟ್ಸ್‌ನವರ ಮಗಳು ಪರೀಕ್ಷೆಯಲ್ಲಿ ಏನು ಮಾಡಿದಳು, ಮೇಲಿನ ಮಹಡಿಯವರ ಅಮ್ಮನ ಮಂಡಿ ಆಪರೇಷನ್ ಹೇಗಾಯಿತು, ಯಾರು ಗುಟ್ಟಾಗಿ ಬೇರೆ ಕಡೆ ಇಂಟರ್‌ವ್ಯೂಗೆ ಹೋಗಿಬಂದರು, ಎಲ್ಲ ಗೊತ್ತಾಗುತ್ತಿದ್ದದ್ದು ಅಲ್ಲೇ.

ಕಳೆದ ವರ್ಷ ಅದನ್ನು ಎತ್ತಿಸಿದರು. ಆ ಜಾಗದಲ್ಲಿ ಈಗ 'ಕನೆಕ್ಷನ್ ಕಾರ್ನರ್' ಇದೆ. ಎರಡು ಹಳದಿ ಬೀನ್ ಬ್ಯಾಗು, ಒಂದು ಪ್ಲಾಸ್ಟಿಕ್ ಗಿಡ, ಗೋಡೆಯ ಮೇಲೆ ನಿಯಾನ್ ದೀಪದಲ್ಲಿ 'ನೀವು ನಮ್ಮವರು'. ಅಲ್ಲಿ ಕೂರಬೇಕಾದರೆ ಆ್ಯಪ್‌ನಲ್ಲಿ 15 ನಿಮಿಷದ ಸ್ಲಾಟ್ ಬುಕ್ ಮಾಡಬೇಕು. ಬುಕ್ ಮಾಡುವಾಗ 'ಉದ್ದೇಶ' ಅಂತ ಒಂದು ಕಾಲಂ ಬರುತ್ತದೆ. ಅದರಲ್ಲಿರುವ ಮೂರು ಆಯ್ಕೆಗಳಲ್ಲಿ ಒಂದು: ಆಕಸ್ಮಿಕ ಭೇಟಿ (24 ಗಂಟೆ ಮೊದಲು ತಿಳಿಸುವುದು ಕಡ್ಡಾಯ).

ಇದೆಲ್ಲ ಶುರುವಾದದ್ದು ಒಂದು ಸರ್ವೆಯಿಂದ. "ಆಫೀಸಿನಲ್ಲಿ ನಿಮಗೆ ಆಪ್ತ ಗೆಳೆಯರು ಇದ್ದಾರಾ?" ಅಂತ ಕೇಳಿದ್ದರು. ಇದು ನಮ್ಮ ಎಚ್‌ಆರ್ ಮೇಡಂ ತಲೆಯಿಂದ ಬಂದ ಪ್ರಶ್ನೆ ಅಲ್ಲ. ಗ್ಯಾಲಪ್ ಸಂಸ್ಥೆಯ 12 ಪ್ರಶ್ನೆಗಳ ಹೆಸರಾಂತ ಪಟ್ಟಿಯಲ್ಲಿ ಇದೂ ಒಂದು, ಜಗತ್ತಿನ ಎಷ್ಟೋ ಕಂಪನಿಗಳು ಕೇಳುತ್ತವೆ. ಉತ್ತರ ಗುಟ್ಟಾಗಿರುತ್ತದೆ ಅಂತ ಮೇಲೆ ಬರೆದಿತ್ತು. ಕೆಳಗೆ ಉದ್ಯೋಗಿ ಸಂಖ್ಯೆ ಕೇಳಿತ್ತು. ಅದಿರಲಿ. ಸರ್ವೆಗೆ ಎರಡು ತಿಂಗಳು ಮುಂಚೆ 40 ಜನರನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿದ್ದರು. ಪ್ರಶ್ನೆಗೆ ಎರಡೇ ಆಯ್ಕೆ: 'ಇದ್ದಾರೆ', 'ಇಲ್ಲ'. 'ಇದ್ದರು' ಅಂತ ಒಂದು ಆಯ್ಕೆ ಕೊಟ್ಟಿದ್ದರೆ ಫಲಿತಾಂಶ ಚೆನ್ನಾಗಿ ಬರುತ್ತಿತ್ತು.

ಜಾಸ್ತಿ ಜನ 'ಇಲ್ಲ' ಅಂದರು. ಮೇಲಿನವರು ಗಾಬರಿಯಾದರು. ಜನರಿಗೆ ಗೆಳೆಯರಿಲ್ಲ ಅಂದರೆ ತಪ್ಪು ಎಲ್ಲೋ ಇರಬೇಕಲ್ಲ? ಹುಡುಕಿದರು. ಸಿಕ್ಕಿತು. ಕುರ್ಚಿ ಸರಿಯಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರು ಅವಳಿಗಿಂತ ಒಂದು ಹೆಜ್ಜೆ ಮುಂದೆ. ಡಿಸೈನ್ ಕನ್ಸಲ್ಟೆಂಟ್ ಒಬ್ಬರನ್ನು ಕರೆಸಿ ನೆಲವನ್ನೇ ಕೀಳಿಸಿದರು.

ಆ ಕನ್ಸಲ್ಟೆಂಟ್ ಒಳ್ಳೆಯ ಮನುಷ್ಯ. ಕಪ್ಪು ಅಂಗಿ, ದುಂಡು ಕನ್ನಡಕ, ಮೆಲ್ಲಗೆ ಮಾತು. ಒಂದು ಗಂಟೆಯಲ್ಲಿ 'ಬಿಲಾಂಗಿಂಗ್' ಅನ್ನೋ ಪದವನ್ನು 31 ಸಲ ಹೇಳಿದರು. ಪಕ್ಕದಲ್ಲಿದ್ದವರು ಗೀಟು ಹಾಕಿ ಎಣಿಸಿದ್ದರು, ನಾನಲ್ಲ. ಈ ಬಿಲಾಂಗಿಂಗ್‌ಗೆ ಕನ್ನಡದಲ್ಲಿ ಏನನ್ನೋದು ಅಂತ ಕೂತಲ್ಲೇ ಯೋಚಿಸಿದೆ. ಒಂದು ಪದ ಸಿಗಲಿಲ್ಲ. ಆಮೇಲೆ ಹೊಳೆಯಿತು, ನಮಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಒಬ್ಬನೇ ಇದ್ದರೂ 'ನಮ್ಮ ಮನೆ' ಅನ್ನುವ ಜನ ನಾವು. ಬೈಯುವಾಗಲೂ 'ನಮ್ಮ ಬಾಸ್' ಅಂತಲೇ ಬೈಯುತ್ತೇವೆ. ಸೇರಿದ ಮೂರನೇ ದಿನಕ್ಕೇ 'ನಮ್ಮ ಆಫೀಸು' ಅಂದಿರುತ್ತೇವೆ, ಯಾರೂ ಬೀನ್ ಬ್ಯಾಗ್ ಕೊಡದೆಯೇ.

ಹೊಸ ವಿನ್ಯಾಸದ ಮೊದಲ ಹೆಜ್ಜೆ: ಯಾರಿಗೂ ಸ್ವಂತ ಮೇಜು ಇಲ್ಲ. ದಿನಾ ಬೆಳಿಗ್ಗೆ ಆ್ಯಪ್ ತೆರೆದು, ಖಾಲಿ ಇರುವ ಮೇಜು ಹಿಡಿಯಬೇಕು. ಸಂಜೆ ಎಲ್ಲ ಎತ್ತಿಕೊಂಡು ಹೋಗಬೇಕು.

"ಸರ್, ಹಾಗಾದ್ರೆ ನನ್ನ ಜಾಗ ಯಾವುದು?" ಅಂತ ಕೇಳಿದೆ.

"ಇಡೀ ಮಹಡಿ ನಿಮ್ಮದೇ!" ಅಂದರು, ಎರಡೂ ಕೈ ಚಾಚಿ.

"ನನ್ನ ಮಗಳ ಫೋಟೋ ಎಲ್ಲಿ ಇಡಲಿ?"

"ಲಾಕರ್ ಕೊಡ್ತೀವಲ್ಲ."

ಹೀಗೆ ನಮ್ಮ ಕಂಪನಿಗೆ ಬಿಲಾಂಗಿಂಗ್ ಬಂತು, ಬಿಲಾಂಗಿಂಗ್ಸ್ ಹೋಯಿತು. ಮಗಳು ಈಗ 214ನೇ ನಂಬರಿನ ಲಾಕರ್‌ನಲ್ಲಿ, ಕತ್ತಲಲ್ಲಿ, ಹಲ್ಲು ಬಿಟ್ಟುಕೊಂಡು ನಗುತ್ತಿದ್ದಾಳೆ.

ಇದನ್ನು ಮೊದಲು ಮಾಡಿ ಕೈ ಸುಟ್ಟುಕೊಂಡವರು ಇಲ್ಲದಿಲ್ಲ. 1990ರ ದಶಕದಲ್ಲಿ ಅಮೆರಿಕದ ಜಾಹೀರಾತು ಕಂಪನಿ ಚಾಯಟ್/ಡೇ ತನ್ನ ಜನರ ಮೇಜುಗಳನ್ನೆಲ್ಲ ಕಿತ್ತುಕೊಂಡು 'ವರ್ಚುಯಲ್ ಆಫೀಸ್' ಮಾಡಿತ್ತು. ಬೆಳಿಗ್ಗೆ ಬಂದವರು ಕೌಂಟರ್‌ನಲ್ಲಿ ನಿಂತು ಫೋನು, ಲ್ಯಾಪ್‌ಟಾಪ್ ಪಡೆಯಬೇಕು, ಸಂಜೆ ವಾಪಸ್ ಕೊಡಬೇಕು. ಎಲ್ಲರಿಗೂ ಸಾಕಾಗುವಷ್ಟು ಇರಲಿಲ್ಲ. ಜನ ಏನು ಮಾಡಿದರು? ಕೊಟ್ಟದ್ದನ್ನು ವಾಪಸ್ ಕೊಡದೆ ಬಚ್ಚಿಟ್ಟರು. ಫೈಲುಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು, ಬೇಕಾದಾಗಲೆಲ್ಲ ಪಾರ್ಕಿಂಗಿಗೆ ಓಡಿದರು. ಒಬ್ಬಾಕೆ ಮಕ್ಕಳ ಆಟದ ಕೆಂಪು ಗಾಡಿಯಲ್ಲಿ ತನ್ನ ಕಾಗದಪತ್ರಗಳನ್ನು ಹಾಕಿಕೊಂಡು ಆಫೀಸ್ ತುಂಬ ಎಳೆದುಕೊಂಡು ತಿರುಗುತ್ತಿದ್ದಳು. 1998ರ ಹೊತ್ತಿಗೆ ಕಂಪನಿ ಬೇರೆ ಕಟ್ಟಡಕ್ಕೆ ಹೋಗಿ, ಜನರಿಗೆ ಮತ್ತೆ ಮೇಜು ಕೊಟ್ಟಿತು. ಈ ಕಥೆಯನ್ನು ನಾನು ಮೀಟಿಂಗ್‌ನಲ್ಲಿ ಹೇಳಿದೆ. ಎಲ್ಲರೂ ಆಸಕ್ತಿಯಿಂದ ಕೇಳಿದರು. ಮುಂದಿನ ವಾರ ನಮಗೆಲ್ಲ ಚಕ್ರವಿರುವ ಪೆಟ್ಟಿಗೆ ಕೊಟ್ಟರು.

ಮೇಜು ಬದಲಾಗುತ್ತಿದ್ದರೆ ಹೊಸಬರ ಪರಿಚಯ ಆಗುತ್ತದೆ ಅನ್ನೋದು ಅವರ ಲೆಕ್ಕ. ಎಂಐಟಿಯ ಥಾಮಸ್ ಅಲೆನ್ 1970ರ ದಶಕದಲ್ಲೇ ಈ ವಿಷಯದ ಹಿಂದೆ ಬಿದ್ದು ತೋರಿಸಿದ್ದರು. ಜನ ಮಾತಾಡುವುದು ಹತ್ತಿರ ಕೂತವರ ಜೊತೆ. ದೂರ ಹೆಚ್ಚಿದಂತೆ ಮಾತು ಇಳಿಯುತ್ತಾ ಹೋಗುತ್ತದೆ, 50 ಮೀಟರ್ ದಾಟಿದರೆ ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದ ಹಾಗೆ. ಸರಿ. ಆದರೆ ಹತ್ತಿರದವರು ದಿನಾ ಬೇರೆ ಬೇರೆಯಾದರೆ? ಸೋಮವಾರ ಪಕ್ಕದಲ್ಲಿ ಕೂತವರ ಹೆಸರು ಕೇಳುತ್ತೀರಿ. ಮಂಗಳವಾರ ಇನ್ನೊಬ್ಬರು, ಅವರ ಹೆಸರೂ ಕೇಳುತ್ತೀರಿ. ಗುರುವಾರದ ಹೊತ್ತಿಗೆ ಕೇಳೋದು ಬಿಟ್ಟು ಹೆಡ್‌ಫೋನ್ ಹಾಕುತ್ತೀರಿ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಜೊತೆ ಇರುವಷ್ಟು ಸಂಬಂಧ. ಬಸ್ಸಿನಲ್ಲಾದರೂ "ಸ್ವಲ್ಪ ಸರೀತೀರಾ" ಅಂತ ಬಾಯಿ ಬಿಟ್ಟು ಕೇಳುತ್ತಾರೆ.

ಎರಡನೇ ಹೆಜ್ಜೆ: ಗೋಡೆ ಒಡೆದದ್ದು. ಗೋಡೆ ಹೋದರೆ ಮನಸ್ಸುಗಳು ಒಂದಾಗುತ್ತವೆ ಅಂತ. ಈಗ 80 ಜನ ಒಂದೇ ಹಾಲ್‌ನಲ್ಲಿ ಕೂರುತ್ತೇವೆ. ಸೂಜಿ ಬಿದ್ದರೆ ಕೇಳಿಸುತ್ತದೆ. ಯಾರಾದರೂ ಮಾತಾಡಿದರೆ 79 ಜನಕ್ಕೆ ಕೇಳುತ್ತದಲ್ಲ, ಅದಕ್ಕೇ ಯಾರೂ ಮಾತಾಡೋದಿಲ್ಲ. ಮೊನ್ನೆ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ ಕೂತಿದ್ದವರಿಂದ ನನಗೆ ಚಾಟ್‌ನಲ್ಲಿ ಮೆಸೇಜ್ ಬಂತು.

"ಹಾಯ್, ಫ್ರೀ ಇದ್ದೀರಾ?"

"ಹೇಳಿ."

"ತೊಂದರೆ ಇಲ್ಲ ಅಂದ್ರೆ ಕಾಲು ತೆಗೀತೀರಾ? ನನ್ನ ಚಾರ್ಜರ್ ವೈರ್ ತುಳೀತಿದ್ದೀರಿ."

ನಾನು ಕಾಲು ತೆಗೆದು, ಒಂದು ಹೆಬ್ಬೆರಳು ಕಳಿಸಿದೆ. ಅವರು ಒಂದು ಹೃದಯ ಕಳಿಸಿದರು. ಇಬ್ಬರೂ ತಲೆ ಎತ್ತಲಿಲ್ಲ.

ನಾವೇನೋ ವಿಚಿತ್ರ ಜನ ಅಂದುಕೊಂಡಿದ್ದೆ. ಅಲ್ಲವಂತೆ. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗೋಡೆ ಒಡೆದು ಬಯಲು ಮಾಡಿಕೊಂಡ ಎರಡು ದೊಡ್ಡ ಕಂಪನಿಗಳ ಜನರಿಗೆ ಸೆನ್ಸರ್ ಕಟ್ಟಿ, ಮುಂಚೆ ಎಷ್ಟು ಮಾತಾಡುತ್ತಿದ್ದರು, ಆಮೇಲೆ ಎಷ್ಟು ಮಾತಾಡಿದರು ಅಂತ ಅಳೆದರು. ಮುಖಾಮುಖಿ ಮಾತು ಸುಮಾರು ಶೇ. 70ರಷ್ಟು ಕಡಿಮೆಯಾಗಿತ್ತು. ಇಮೇಲು, ಚಾಟು ಏರಿತ್ತು. ಗೋಡೆ ತೆಗೆದರೆ ಜನ ತಮ್ಮ ಸುತ್ತ ತಾವೇ ಒಂದು ಗೋಡೆ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಬಾಗಿಲೂ ಇರೋದಿಲ್ಲ, ತಟ್ಟೋಣ ಅಂದರೆ.

ಹಾಗಂತ ಹಳೆಯ ಕ್ಯೂಬಿಕಲ್, ಅಂದರೆ ಮೇಜಿನ ಸುತ್ತ ಫಲಕ ನಿಲ್ಲಿಸಿ ಮಾಡಿದ ಗೂಡು, ಸ್ವರ್ಗವಾಗಿತ್ತು ಅಂತಲ್ಲ. ಅದರ ಹುಟ್ಟೂ ಒಳ್ಳೆಯ ಮನಸ್ಸಿನಿಂದಲೇ. ಹರ್ಮನ್ ಮಿಲ್ಲರ್ ಅನ್ನೋ ಪೀಠೋಪಕರಣ ಕಂಪನಿಯಲ್ಲಿದ್ದ ರಾಬರ್ಟ್ ಪ್ರಾಪ್ಸ್ಟ್ 1968ರಲ್ಲಿ ತಂದ 'ಆ್ಯಕ್ಷನ್ ಆಫೀಸ್' ವಿನ್ಯಾಸದಲ್ಲಿ ಫಲಕಗಳು 120 ಡಿಗ್ರಿಯಲ್ಲಿ ತೆರೆದುಕೊಂಡಿದ್ದವು. ಜನ ಓಡಾಡಲಿ, ಬೇಕಾದ ಹಾಗೆ ಜಾಗ ಬದಲಿಸಿಕೊಳ್ಳಲಿ ಅಂತ. ಕಂಪನಿಗಳು ಅದನ್ನು ಕೊಂಡು 90 ಡಿಗ್ರಿಗೆ ಮಡಚಿದವು, ಹಾಗೆ ಮಾಡಿದರೆ ಅದೇ ಜಾಗದಲ್ಲಿ ಇನ್ನಷ್ಟು ಜನ ಹಿಡಿಯುತ್ತಾರಲ್ಲ. ಕೊನೆಗಾಲದಲ್ಲಿ ಪ್ರಾಪ್ಸ್ಟ್ ಇದನ್ನು ನೋಡಿ ಹುಚ್ಚುತನ ಅಂದರು. ಅವರು ಅಳೆದದ್ದು ಮನುಷ್ಯರನ್ನು, ಕೊಂಡವರು ಅಳೆದದ್ದು ಚದರಡಿಯನ್ನು. ಗೋಡೆ ಎದ್ದಾಗಲೂ ಅದೇ ಲೆಕ್ಕ, ಬಿದ್ದಾಗಲೂ ಅದೇ. ನಮ್ಮ ಆಫೀಸಿನಲ್ಲಿ ಎರಡು ಮಹಡಿ ಬಾಡಿಗೆ ಉಳಿಯಿತು ಅನ್ನೋದನ್ನು ಬಿಲಾಂಗಿಂಗ್ ಪ್ರೆಸೆಂಟೇಷನ್‌ನ ಕಟ್ಟಕಡೆಯ ಸ್ಲೈಡ್‌ನಲ್ಲಿ, ಬಹಳ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಕನ್ನಡಕ ತಂದವರಿಗೆ ಕಂಡಿತು.

ಮೂರನೇ ಹೆಜ್ಜೆ, ಅಳತೆ. ನಾವು ನಿಜಕ್ಕೂ ಬೆರೆಯುತ್ತಿದ್ದೇವಾ ಅಂತ ತಿಳಿಯಲು ಮೇಜಿನ ಕೆಳಗೆ ಸಣ್ಣ ಕಪ್ಪು ಡಬ್ಬಿ ಅಂಟಿಸಿದರು. ಕೂತರೆ ಹಸಿರು, ಎದ್ದರೆ ಕೆಂಪು. 2016ರ ಜನವರಿಯಲ್ಲಿ ಬ್ರಿಟನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲೂ ಹೀಗೇ ಒಂದು ಬೆಳಿಗ್ಗೆ ಮೇಜಿನ ಕೆಳಗೆ ಡಬ್ಬಿಗಳು ಕಂಡಿದ್ದವು. ಪತ್ರಕರ್ತರು ಗಲಾಟೆ ಮಾಡಿ ಅದೇ ದಿನ ತೆಗೆಸಿದರು. ನಾವು ಪತ್ರಕರ್ತರಲ್ಲ. ಯಾರಾದರೂ ಎದ್ದು ಹೋಗಿ ಇನ್ನೊಬ್ಬರ ಹತ್ತಿರ ನಿಂತು ಮಾತಾಡಿದರೆ ನಮ್ಮ ಡಬ್ಬಿಯ ಪ್ರಕಾರ ಅವರು ಗೈರುಹಾಜರು. ಆತ್ಮೀಯತೆ ಹೆಚ್ಚಿದಷ್ಟೂ ಹಾಜರಿ ಬೀಳುತ್ತಿತ್ತು. ಮೂರು ವಾರದಲ್ಲಿ ನಮಗೆ ಪಾಠ ಬಂತು. ಹಸಿರಾಗಿ ಕೂತೆವು.

ಇನ್ನು 'ನಮ್ಮವರ ಗೋಡೆ'. ಎಲ್ಲರ ಫೋಟೋ ತೆಗೆದು, ಕೆಳಗೆ ಇಷ್ಟದ ಹವ್ಯಾಸ ಬರೆಸಿ, ಸಾಲಾಗಿ ಅಂಟಿಸಿದರು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಮೊದಲ ಬಾರಿಗೆ ನಮ್ಮ ಸೆಕ್ಯೂರಿಟಿಯವರು ಕೊಳಲು ನುಡಿಸುತ್ತಾರೆ ಅಂತ ನನಗೆ ಗೊತ್ತಾದದ್ದು ಅಲ್ಲೇ. ನಾಲ್ಕು ತಿಂಗಳಿಗೆ ಇನ್ನೊಂದು ಕಂತಿನಲ್ಲಿ ಜನರನ್ನು ಕಳಿಸಿದರು. ಹೋದವರ ಫೋಟೋಗಳನ್ನು ಸಂಜೆಯೊಳಗೆ ಕಿತ್ತರು. ಗೋಡೆಯಲ್ಲಿ ಅಲ್ಲಲ್ಲಿ ಚೌಕಾಕಾರದ ಖಾಲಿ ಜಾಗ ಕಾಣತೊಡಗಿತು, ಬಾಯಲ್ಲಿ ಹಲ್ಲು ಉದುರಿದ ಹಾಗೆ. ಮರುದಿನ ಮೇಡಂ ಮೇಲ್ ಕಳಿಸಿದರು: "ಗ್ಯಾಪ್ ಕಾಣುತ್ತಿದೆ. ಉಳಿದ ಫೋಟೋಗಳನ್ನು ದಯವಿಟ್ಟು ಹತ್ತಿರ ಹತ್ತಿರ ಅಂಟಿಸಿ." ಅಂಟಿಸಿದೆವು. ಹಾಗೆ ನಾವೆಲ್ಲ ಇನ್ನಷ್ಟು ಹತ್ತಿರವಾದೆವು. ಕೊಳಲು ಈಗ ಆ ಗೋಡೆಯ ಮೇಲಿಲ್ಲ.

ದೊಡ್ಡವರೂ ಈ ಭ್ರಮೆಯಿಂದ ತಪ್ಪಿಸಿಕೊಂಡಿಲ್ಲ ಅನ್ನೋದು ಸಣ್ಣ ಸಮಾಧಾನ. ಆ್ಯನಿಮೇಷನ್ ಸಿನಿಮಾ ಮಾಡುವ ಪಿಕ್ಸಾರ್‌ನ ಕಟ್ಟಡ ಕಟ್ಟುವಾಗ ಸ್ಟೀವ್ ಜಾಬ್ಸ್‌ಗೆ ಒಂದು ಆಸೆ ಇತ್ತು. ಶೌಚಾಲಯಗಳು ನಡುವಿನ ದೊಡ್ಡ ಅಂಗಳದಲ್ಲಿ ಮಾತ್ರ ಇರಲಿ, ಬೇರೆಲ್ಲೂ ಬೇಡ. ಹೇಗೂ ಎಲ್ಲರೂ ಬರಲೇಬೇಕು, ಬಂದಾಗ ಒಬ್ಬರಿಗೊಬ್ಬರು ಸಿಗುತ್ತಾರೆ, ಸಿಕ್ಕಾಗ ಹೊಸ ಐಡಿಯಾ ಹುಟ್ಟುತ್ತದೆ. ಅಲ್ಲಿನ ಜನ ಒಪ್ಪಲಿಲ್ಲ. ಅಷ್ಟು ದೂರ ನಡೆಸಬೇಡಿ ಅಂತ ಗರ್ಭಿಣಿಯೊಬ್ಬರು ಹೇಳಿದರಂತೆ. ಜಾಬ್ಸ್ ಕೊನೆಗೆ ಮಣಿದರು. ಆತುರದಲ್ಲಿರುವವರನ್ನು ದಾರಿಯಲ್ಲಿ ನಿಲ್ಲಿಸಿ ಹೊಸ ಐಡಿಯಾ ಕೇಳಿದರೆ ಏನು ಸಿಗುತ್ತದೆ ಅಂತ ಯಾರಾದರೂ ಮೊದಲೇ ಹೇಳಬಹುದಿತ್ತು.

ಹಾಗಾದರೆ ನಾವೀಗ ಎಲ್ಲಿ ಮಾತಾಡುತ್ತೇವೆ? ಬೆಂಕಿ ಬಿದ್ದರೆ ಇಳಿದು ಓಡಲು ಅಂತ ಹಿಂದೆ ಒಂದು ಮೆಟ್ಟಿಲ ದಾರಿ ಇದೆ. ಬಣ್ಣವಿಲ್ಲ, ಗಿಡವಿಲ್ಲ, ಒಂದು ಟ್ಯೂಬ್‌ಲೈಟು, ಅದೂ ಮಿಣುಕುತ್ತದೆ. ಯಾರೋ ಒಬ್ಬರು ಫೋನಿನಲ್ಲಿ ಮಾತಾಡಲು ಅಲ್ಲಿಗೆ ಹೋದರು. ಇನ್ನೊಬ್ಬರು ಅಳಲು ಹೋದರು. ಮೂರನೆಯವರು ಅವರನ್ನು ಹುಡುಕಿಕೊಂಡು ಹೋದರು. ಈಗ ದಿನಾ ಮೂರೂವರೆಗೆ ಐದಾರು ಜನ ಎರಡನೇ ಮತ್ತು ಮೂರನೇ ಮಹಡಿಯ ನಡುವಿನ ತಿರುವಿನಲ್ಲಿ ಕೂತಿರುತ್ತೇವೆ. ಅಮ್ಮನ ಮಂಡಿ ಈಗ ಸುಧಾರಿಸಿದೆ. ಅಕೌಂಟ್ಸ್‌ನವರ ಮಗಳು ಕಾಲೇಜು ಸೇರಿದಳು.

ಕಳೆದ ವಾರ ಬಾಗಿಲು ತೆರೆದುಕೊಂಡಿತು. ಕನ್ಸಲ್ಟೆಂಟ್. ಕೈಯಲ್ಲಿ ಲ್ಯಾಪ್‌ಟಾಪ್, ಮುಖ ಬಾಡಿತ್ತು.

"ಎಲ್ಲೂ ಮೇಜು ಸಿಗಲಿಲ್ಲ. ಆ್ಯಪ್‌ನಲ್ಲಿ ನಾನು ಗೆಸ್ಟ್ ಅಂತ ತೋರಿಸ್ತಿದೆ," ಅಂದರು. "ಇಲ್ಲಿ ಕೂರಬಹುದಾ?"

ಸರಿದು ಜಾಗ ಕೊಟ್ಟೆವು. ಹತ್ತು ನಿಮಿಷ ಕೂತರು. ಹದಿನೈದು ದಿನದಿಂದ ಊರೂರು ತಿರುಗುತ್ತಿದ್ದಾರಂತೆ. ಮಗ ಫೋನಿನಲ್ಲಿ ಅಪ್ಪನ ಜೊತೆ ಮಾತಾಡಲು ಒಪ್ಪುತ್ತಿಲ್ಲವಂತೆ. ಅಕೌಂಟ್ಸ್‌ನವರು "ಬಿಡಿ ಸರ್, ಆ ವಯಸ್ಸೇ ಹಂಗೆ" ಅಂದರು. ಅವರು ನಕ್ಕರು. ಕಪ್ಪು ಅಂಗಿಗೆ ಗೋಡೆಯ ಸುಣ್ಣ ಹತ್ತಿತ್ತು, ಯಾರೋ ಕೊಡವಿದರು. ಆಮೇಲೆ ಅವರು ಸುತ್ತ ನೋಡಿದರು. ಮೆಟ್ಟಿಲು, ನಾವು, ಟ್ಯೂಬ್‌ಲೈಟು. ಕಣ್ಣು ಅರಳಿತು. ಮೆಲ್ಲಗೆ ಫೋನ್ ತೆಗೆದು ಕ್ಯಾಮೆರಾ ಆನ್ ಮಾಡಿದರು.

"ಬೇಡ ಸರ್," ಅಂದೆವು ಆರೂ ಜನ, ಒಟ್ಟಿಗೆ.

ಆದರೂ ಸೋಮವಾರ ಇಬ್ಬರು ಟೇಪು ಹಿಡಿದು ಬಂದು ಮೆಟ್ಟಿಲು ಅಳೆದರು. ನಮ್ಮ ಪುಣ್ಯಕ್ಕೆ ಸೇಫ್ಟಿ ಆಫೀಸರ್ ಅಡ್ಡ ಬಂದರು. ಇದು ತುರ್ತು ದಾರಿ, ಇಲ್ಲಿ ಒಂದು ಕುಶನ್ ಕೂಡ ಇಡುವಂತಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, ಇಲ್ಲಿ ಯಾರೂ ಕೂರುವಂತೆಯೂ ಇಲ್ಲ ಅಂದರು.

ಈಗ ನಿಂತೇ ಮಾತಾಡುತ್ತೇವೆ. ಮೂರೂವರೆಗೆ. ಸೇಫ್ಟಿ ಆಫೀಸರ್ ಮೂರೂ ಮೂವತ್ತೈದಕ್ಕೆ ಬರುತ್ತಾರೆ.