ಸತ್ಯಾಂಶ: ಸ್ಕಾಟ್ಲೆಂಡ್ ಸ್ವಾತಂತ್ರ್ಯವನ್ನು ರಾಣಿ ತಡೆದರಾ?

"ಸ್ಕಾಟ್ಲೆಂಡ್ ಜನ 2014ರಲ್ಲೇ ಸ್ವಾತಂತ್ರ್ಯಕ್ಕೆ ವೋಟು ಹಾಕಿದ್ದರು, ರಾಣಿ ಸಹಿ ಹಾಕದೆ ತಡೆದರು" ಅನ್ನೋ ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಬ್ರಿಟನ್ನಿನ ಭಾಗವಾದ ಸ್ಕಾಟ್ಲೆಂಡ್‌ನಲ್ಲಿ 2014ರ ಸೆಪ್ಟೆಂಬರ್ 18ರಂದು ಮತದಾನ ಆಗಿದ್ದು ನಿಜ. ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕಾ? ಚೀಟಿಯಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ, ಕೆಳಗೆ ಹೌದು, ಇಲ್ಲ ಅಂತ ಎರಡು ಚೌಕ. 16 ವರ್ಷದವರಿಗೂ ವೋಟು ಕೊಟ್ಟಿದ್ದರು. 84.6% ಜನ ಬಂದರು, ಅದರಲ್ಲಿ 55.3% ಮಂದಿ ಬೇಡ ಅಂದರು. ಗ್ಲಾಸ್ಗೋ, ಡಂಡಿಯಲ್ಲಿ 'ಹೌದು' ಗೆದ್ದರೂ ಒಟ್ಟು ಲೆಕ್ಕದಲ್ಲಿ ಸೋತಿತು. ರಾಣಿ ತಡೆಯೋಕೆ ಏನೂ ಇರಲಿಲ್ಲ. ತಮಾಷೆ ಅಂದ್ರೆ, ಬೇರೆ ದೇಶ ಆದಮೇಲೂ ರಾಣಿಯನ್ನೇ ಇಟ್ಟುಕೊಳ್ಳೋದು ಅಲ್ಲಿನ ಸರ್ಕಾರದ ಯೋಜನೆಯಾಗಿತ್ತು!

ಗೊಂದಲಕ್ಕೆ ಕಾರಣ ಬಹುಶಃ ಆಮೇಲೆ ನಡೆದದ್ದು. 2016ರಲ್ಲಿ ಬ್ರೆಕ್ಸಿಟ್ ಮತದಾನ ಬಂತು, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕಾ ಅನ್ನೋ ಮತದಾನ. ಸ್ಕಾಟ್ಲೆಂಡ್‌ನಲ್ಲಿ 62% ಮಂದಿ ಯುರೋಪಿಯನ್ ಒಕ್ಕೂಟದಲ್ಲೇ ಇರೋಣ ಅಂದಿದ್ದರೂ ಹೊರಬರಬೇಕಾಯಿತು, ಹಾಗಾಗಿ ಇನ್ನೊಮ್ಮೆ ಮತದಾನ ಬೇಕು ಅನ್ನೋ ಕೂಗು ಜೋರಾಯಿತು. ಅದಕ್ಕೆ ಲಂಡನ್‌ನ ಬ್ರಿಟನ್ ಸರ್ಕಾರ ಒಪ್ಪಲಿಲ್ಲ. 1998ರ ಸ್ಕಾಟ್ಲೆಂಡ್ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡ್-ಇಂಗ್ಲೆಂಡ್ ಒಕ್ಕೂಟದ ವಿಷಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿರುವ ಬ್ರಿಟನ್ ಸಂಸತ್ತಿನ ಕೈಯಲ್ಲಿದೆ; 2014ರ ಮತದಾನಕ್ಕಾಗಿ ಆ ಅಧಿಕಾರವನ್ನು ತಾತ್ಕಾಲಿಕವಾಗಿ ಬಿಟ್ಟುಕೊಟ್ಟಿದ್ದರು, ಅಷ್ಟೇ. ಒಪ್ಪಿಗೆ ಇಲ್ಲದೆ ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡ್ ಸಂಸತ್ತು ಮತದಾನದ ಕಾನೂನು ಮಾಡುವಂತಿಲ್ಲ ಅಂತ 2022ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು.

ಹಾಗಂತ ಸ್ಕಾಟ್ಲೆಂಡ್‌ಗೆ ಏನೂ ಸಿಗಲಿಲ್ಲ ಅಂತಲ್ಲ. ಸಂಬಳದ ಮೇಲಿನ ಆದಾಯ ತೆರಿಗೆಯ ದರಗಳನ್ನು ಈಗ ಅವರೇ ಹೆಚ್ಚುಕಮ್ಮಿ ಪೂರ್ತಿ ನಿರ್ಧರಿಸುತ್ತಾರೆ. 2016ರ ಕಾಯ್ದೆಯಿಂದ ಬಂದ ಅಧಿಕಾರ ಇದು, ಮೆಸೇಜ್‌ನಲ್ಲಿ ಮಾತ್ರ ಇದರ ಸುದ್ದಿಯೇ ಇಲ್ಲ.